ಅನಾದಿಕಾಲದಿಂದ ಅಂದ್ರೆ, ಸಾಕ್ಷಿ ಎಲ್ಲಿ?

ನಮ್ಮಲ್ಲಿ ಯಾರಾದ್ರೂ ಬಿ.ಇ. ಮುಗಿಸಿ ಎಲ್‌ಎಲ್‌ಬಿ ಮಾಡ್ತೀನಿ ಅಂದ್ರೆ ಮೊದಲು ಕೇಳೋದು, ಅದರಿಂದ ಸಿಗೋದೇನು ಅಂತ. ಕರಿಕೋಟು, ಕೋರ್ಟು, ಕಕ್ಷಿದಾರರು, ಇಷ್ಟೇ ನಮ್ಮ ಕಣ್ಣಿಗೆ ಕಾಣೋದು. ಡಾ. ಬಿ. ಆರ್. ಅಂಬೇಡ್ಕರ್ ಅವರನ್ನು ಸಂವಿಧಾನದ ಶಿಲ್ಪಿ ಅಂತ ಎಲ್ಲರೂ ನೆನೆಯುತ್ತೇವೆ. ಆದ್ರೆ ಅವರು ಕಾನೂನು ಓದಿದ್ದು ಹೇಗೆ, ಆ ಓದು ಅವರಿಗೆ ಏನು ಕೊಟ್ಟಿತು ಅನ್ನೋದು ಅಷ್ಟಾಗಿ ಮಾತಿಗೆ ಬರಲ್ಲ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಈಗಿನ ಮಧ್ಯಪ್ರದೇಶದ ಮಹೂನಲ್ಲಿ. ತಂದೆ ಸೈನ್ಯದಲ್ಲಿ ಸುಬೇದಾರರು. ಹುಡುಗ ಶಾಲೆಗೆ ಹೋಗುವಾಗ ಕೂರೋಕೆ ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಬಾಯಾರಿದ್ರೆ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.

ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಲಂಡನ್ ಸೇರಿ, ಅರ್ಥಶಾಸ್ತ್ರದ ಜೊತೆಗೇ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಓದಿಗೆ ಹೆಸರು ನೋಂದಾಯಿಸಿದರು. ಆಗಿನ ನಿಯಮದ ಪ್ರಕಾರ ಪರೀಕ್ಷೆ ಪಾಸಾದ್ರೆ ಸಾಲದು, ಪ್ರತಿ ಟರ್ಮಿನಲ್ಲೂ ಇಷ್ಟು ಸಲ ಅಲ್ಲಿನ ಹಾಲ್‌ನಲ್ಲಿ ಉಳಿದವರ ಜೊತೆ ಕೂತು ಊಟ ಮಾಡಲೇಬೇಕು. ಶಾಲೆಯಲ್ಲಿ ನಲ್ಲಿ ಮುಟ್ಟದಂತೆ ತಡೆಯಲ್ಪಟ್ಟ ಹುಡುಗನಿಗೆ ಇಲ್ಲಿ ಸಹಪಂಕ್ತಿ ಭೋಜನವೇ ಕಡ್ಡಾಯ!

ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಹಣ ಉಳಿಸಿದರು. ಅದರ ಜೊತೆಗೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನೊಬ್ಬನ ಸಾಲ. 1920ರಲ್ಲಿ ಮತ್ತೆ ಲಂಡನ್. 1922ರಲ್ಲಿ ಬ್ಯಾರಿಸ್ಟರ್ ಆದರು, ಮರುವರ್ಷ ಮುಂಬೈಗೆ ಮರಳಿದರು.

ಪದವಿ ಬಂತು, ಕೇಸು ಬರಲಿಲ್ಲ. ಕೆಳಜಾತಿಯ ವಕೀಲನ ಹತ್ತಿರ ಸಾಲಿಸಿಟರ್‌ಗಳು ಸುಳಿಯುತ್ತಿರಲಿಲ್ಲ. ಜಿಲ್ಲಾ ಕೋರ್ಟುಗಳ ಸಣ್ಣಪುಟ್ಟ ಮೊಕದ್ದಮೆ ಹಿಡಿದರು, ಸಂಜೆ ಹೊತ್ತು ವಾಣಿಜ್ಯ ಕಾನೂನಿನ ಪಾಠ ಹೇಳಿ ಸಂಸಾರ ತೂಗಿಸಿದರು. ಬರೀ ಸಂಪಾದನೆಯ ಲೆಕ್ಕದಲ್ಲಿ ನೋಡಿದ್ರೆ ಆ ಓದು ದಂಡ ಅನ್ನಬಹುದಿತ್ತು.

ಅದು ಏನಕ್ಕೆ ಬಂತು ಅಂತ ಗೊತ್ತಾಗಿದ್ದು ಮಹಾಡ್‌ನಲ್ಲಿ. ಕೊಂಕಣದ ಈ ಊರಿನ ಪುರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತ್ತು. ಕಾಗದದ ಮೇಲೆ ಮಾತ್ರ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ಅದಾದ ಮೇಲೆ ಅವರ ಕಡೆಯವರ ಮೇಲೆ ಹಲ್ಲೆ ನಡೀತು. ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿದ್ದೂ ಆಯ್ತು. ಪುರಸಭೆ ತನ್ನ ಠರಾವನ್ನು ವಾಪಸ್ ತೆಗೆದುಕೊಂಡಿತು.

ಡಿಸೆಂಬರ್‌ನಲ್ಲಿ ಎರಡನೇ ಬಾರಿ ಜನ ಸೇರುವ ಹೊತ್ತಿಗೆ ವಿರೋಧಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಕೆರೆಗೆ ಇಳಿದೇ ತೀರುತ್ತೇವೆ ಅಂತ ಜನ ಸಿದ್ಧರಾಗಿದ್ದರು. ಅಂಬೇಡ್ಕರ್ ಅವರನ್ನು ತಡೆದರು. ಕೆರೆಗೆ ಇಳಿಯೋದು ಬೇಡ, ಮೊದಲು ಕೋರ್ಟಿನಲ್ಲಿ ಗೆಲ್ಲೋಣ ಅನ್ನೋದು ಅವರ ನಿಲುವು. ಅಷ್ಟು ಜನರ ಸಿಟ್ಟಿನ ಎದುರು ಹಾಗೆ ಹೇಳೋದು ಸುಲಭದ ಮಾತಲ್ಲ.

ವಿರೋಧಿಗಳ ವಾದ ಏನು? ಅನಾದಿಕಾಲದಿಂದ ಅಸ್ಪೃಶ್ಯರು ಈ ಕೆರೆ ಮುಟ್ಟಿಲ್ಲ, ಆದ್ದರಿಂದ ಆ ಪದ್ಧತಿಯೇ ಕಾನೂನು ಅಂತ. ಇಲ್ಲೇ ಕಾನೂನಿನ ಓದು ಕೈಹಿಡಿದಿದ್ದು. ಪದ್ಧತಿ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಎಷ್ಟು ಹಳೆಯದು, ಯಾವಾಗಿನಿಂದ ನಡೆದುಬಂದಿದೆ, ದಾಖಲೆ ಎಲ್ಲಿ? ಕೇಸು ಕೆಳಗಿನ ಕೋರ್ಟಿನಿಂದ ಮೇಲಿನದಕ್ಕೆ ಹೋಗಿ, 1937ರ ಮಾರ್ಚ್‌ನಲ್ಲಿ ಮುಂಬೈ ಹೈಕೋರ್ಟ್ ತೀರ್ಪು ಕೊಟ್ಟಿತು. ಅನಾದಿಕಾಲದ ಪದ್ಧತಿ ಅನ್ನೋದನ್ನು ವಾದಿಗಳು ಸಾಬೀತು ಮಾಡಿಲ್ಲ ಅಂತ. ನೀರು ಕುಡಿದ ದಿನದಿಂದ ಲೆಕ್ಕ ಹಾಕಿದ್ರೆ ಹತ್ತು ವರ್ಷ!

ಆ ಹೊತ್ತಿಗೆ ಅವರು ಮುಂಬೈನ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದರು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ನಮ್ಮ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಧರ್ಮ, ಜಾತಿಗಳ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಬಿಡಿಸಿ ಬರೆದಿದೆ. ಮಹಾಡ್ ಗೊತ್ತಿದ್ದವರಿಗೆ ಆ ಪದಗಳು ಬರೀ ಪದಗಳಾಗಿ ಕಾಣಲ್ಲ.

1956ರ ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ತೀರ್ಪು ಬಂದ ಮಾತ್ರಕ್ಕೆ ಜನರ ಮನಸ್ಸು ಬದಲಾಗಲಿಲ್ಲ, ನಿಜ. ಕೆರೆಗಾಗಿ ಇಂದಿಗೂ ಜಗಳ ಆಗುವ ಊರುಗಳಿವೆ. ಆದ್ರೆ ಮೊದಲಿಂದ ಹೀಗೇ ನಡೆದುಬಂದಿದೆ ಅಂತ ಯಾರಾದ್ರೂ ಬಾಯಿ ಮುಚ್ಚಿಸೋಕೆ ಬಂದಾಗ, ಸಾಕ್ಷಿ ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ ಅನ್ನೋದು ತಿಳಿಯುತ್ತೆ. ಲಾ ಓದುವ ಗೆಳೆಯರು ಕಲಿಯೋದು ಇದನ್ನೇ. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಇಲ್ಲದೆ ರಿಸಲ್ಟ್ ಬರೆಯೋಕೆ ಬಿಡಲ್ಲ ಅಲ್ವಾ, ಹಾಗೇ.