ಪ್ರಾತೊ ನಗರದ ವರ್ತಕ

2025ರ ಅಕ್ಟೋಬರ್ ತಿಂಗಳಿಂದ ಯೂರೋ ನಾಣ್ಯ ಬಳಸುವ ದೇಶಗಳ ಬ್ಯಾಂಕುಗಳು, ಒಂದು ದೇಶದ ಖಾತೆಯಿಂದ ಇನ್ನೊಂದು ದೇಶದ ಖಾತೆಗೆ ಹತ್ತು ಸೆಕೆಂಡುಗಳಲ್ಲಿ ಹಣ ತಲುಪಿಸುವ ಸೇವೆಯನ್ನು ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಇಲ್ಲಿ ನಾಣ್ಯ ಗಡಿ ದಾಟುವುದಿಲ್ಲ. ಲೆಕ್ಕ ಮಾತ್ರ ಬದಲಾಗುತ್ತದೆ. ಈ ವಿದ್ಯೆಯ ಮೂಲವನ್ನು ಹುಡುಕಿ ಹೊರಟ ನನ್ನ ಮನಸ್ಸನ್ನು ಸೆರೆಹಿಡಿದವನು ಇಟಲಿಯ ಪ್ರಾತೊ ನಗರದ ವರ್ತಕ ಫ್ರಾಂಚೆಸ್ಕೊ ದಾತೀನಿ.

ಆತನು ಹುಟ್ಟಿದ್ದು ಸುಮಾರು 1335ರಲ್ಲಿ. 1348ರ ಪ್ಲೇಗು ಮಾರಿಗೆ ತಂದೆತಾಯಿಗಳಿಬ್ಬರೂ ತುತ್ತಾದರು. ಅನಾಥ ಬಾಲಕನು ಒಂದೆರಡು ವರ್ಷಗಳಲ್ಲೇ, ಆಗ ಪೋಪರ ನಿವಾಸವಾಗಿದ್ದ ಆವಿನ್ಯಾನ್ ನಗರಕ್ಕೆ ಹೊರಟನು. ಅಲ್ಲಿ ಆಯುಧ, ಕವಚಗಳ ವ್ಯಾಪಾರದಿಂದ ಏಳಿಗೆ ಹೊಂದಿ, 1383ರ ಹೊತ್ತಿಗೆ ಸಿರಿವಂತನಾಗಿ ಹುಟ್ಟೂರಿಗೆ ಮರಳಿದನು. ಕ್ರಮೇಣ ಪೀಸಾ, ಫ್ಲಾರೆನ್ಸ್, ಜಿನೋವಾ, ಬಾರ್ಸಿಲೋನಾ, ವೆಲೆನ್ಸಿಯಾ, ಮಯೋರ್ಕಾಗಳಲ್ಲಿ ಅವನ ಶಾಖೆಗಳು ತಲೆಯೆತ್ತಿದವು.

ಆದರೆ ಇಷ್ಟು ಊರುಗಳ ನಡುವೆ ಹಣ ಸಾಗಿಸುವುದು ಹೇಗೆ? ದಾರಿಯಲ್ಲಿ ಕಳ್ಳರ ಭಯ, ಕಡಲಲ್ಲಿ ಬಿರುಗಾಳಿಯ ಭಯ. ಜೊತೆಗೆ ಊರೂರಿಗೂ ಬೇರೆಬೇರೆ ನಾಣ್ಯ. ಇಟಲಿಯ ವರ್ತಕರು ಇದಕ್ಕೆ ಬಳಸುತ್ತಿದ್ದ ಸಾಧನವೇ ವಿನಿಮಯಪತ್ರ. ನಮ್ಮ ಹುಂಡಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಫ್ಲಾರೆನ್ಸಿನಲ್ಲಿ ಒಬ್ಬನಿಂದ ಫ್ಲೋರಿನ್ ನಾಣ್ಯಗಳನ್ನು ಪಡೆದ ವರ್ತಕನು, ಬಾರ್ಸಿಲೋನಾದಲ್ಲಿರುವ ತನ್ನವನಿಗೆ ಚೀಟಿಯೊಂದನ್ನು ಬರೆಯುವನು. ಗೊತ್ತಾದ ಗಡುವು ಮುಗಿದ ಮೇಲೆ ಅವನು ಅಲ್ಲಿಯ ನಾಣ್ಯದಲ್ಲಿ ಮೊಬಲಗನ್ನು ಸಲ್ಲಿಸುವನು. ಬಡ್ಡಿಯು ಪಾಪವೆಂದು ಚರ್ಚು ನಿಷೇಧಿಸಿದ್ದ ಕಾಲವದು. ವರ್ತಕನ ಲಾಭ ವಿನಿಮಯದರದ ಅಂತರದಲ್ಲಿ ಅಡಗಿರುತ್ತಿತ್ತು.

ಚೀಟಿಯನ್ನು ನೋಡಿ ದೂರದವನು ಹಣ ಎಣಿಸಿ ಕೊಡಬೇಕಾದರೆ ಬರೆದವನ ಮೇಲೆ ವಿಶ್ವಾಸವಿರಬೇಕಷ್ಟೆ. ಆ ವಿಶ್ವಾಸವನ್ನು ದಾತೀನಿ ಕಾಪಾಡಿದ್ದು ಪತ್ರಗಳಿಂದ. ಬಿಡುವಿಲ್ಲದೆ ಬರೆದನು, ಬರೆಯದ ಗುಮಾಸ್ತರನ್ನು ಗದರಿದನು. ಇದಕ್ಕೆ ಅವನು ತೆತ್ತ ಬೆಲೆಯೂ ಅಲ್ಪವಲ್ಲ. ಪತ್ನಿ ಮಾರ್ಗರೀಟಾ ಒಂದೂರಿನಲ್ಲಿ, ತಾನೊಂದೂರಿನಲ್ಲಿ ಇದ್ದುದರಿಂದ ಅವರ ದಾಂಪತ್ಯವೂ ಬಹುಮಟ್ಟಿಗೆ ಕಾಗದದ ಮೇಲೆಯೇ ನಡೆಯಿತು. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಮುಪ್ಪಿನಲ್ಲಿ ಐಶ್ವರ್ಯವೇ ಅವನಿಗೆ ಚಿಂತೆಯಾಯಿತು. ಸ್ನೇಹಿತನಾದ ಲಾಪೊ ಮಾತ್ಸೆಯಿ ಅವನನ್ನು ದಾನದ ಕಡೆಗೆ ತಿರುಗಿಸಿದನು.

1410ರ ಆಗಸ್ಟಿನಲ್ಲಿ ದಾತೀನಿ ತೀರಿಕೊಂಡನು. ಸುಮಾರು 70,000 ಫ್ಲೋರಿನ್ ಆಸ್ತಿಯನ್ನು ಪ್ರಾತೊದ ಬಡವರಿಗಾಗಿ ಬಿಟ್ಟು, ಅದರ ಆಡಳಿತವು ಪಾದ್ರಿಗಳಿಗಲ್ಲದೆ ನಾಗರಿಕರಿಗೆ ಸೇರತಕ್ಕದ್ದೆಂದು ವಿಧಿಸಿದ್ದನು. 1870ರ ಸುಮಾರಿಗೆ ಅವನ ಮನೆಯಲ್ಲಿ ಒಂದೂವರೆ ಲಕ್ಷದಷ್ಟು ಪತ್ರಗಳು ದೊರೆತವು. ಅವನ ಬದುಕು ನಮಗೆ ತಿಳಿದಿರುವುದು ಅವುಗಳಿಂದ.

ವಾಣಿಜ್ಯದ ವಿದ್ಯಾರ್ಥಿಗಳು ಅವನ ಲೆಕ್ಕಪುಸ್ತಕಗಳನ್ನು ಮೆಚ್ಚಲಿ. ನನ್ನ ಮನಸ್ಸಿನಲ್ಲಿ ನಿಂತಿರುವುದು ಉಯಿಲಿನ ಒಂದು ಬಾಬು ಮಾತ್ರ: ಫ್ಲಾರೆನ್ಸಿನಲ್ಲಿ ಪರಿತ್ಯಕ್ತ ಶಿಶುಗಳಿಗೆ ಆಶ್ರಯ ಕಟ್ಟಲೆಂದು ಕೊಟ್ಟ 1,000 ಫ್ಲೋರಿನ್. ಪ್ಲೇಗು ಅನಾಥನನ್ನಾಗಿಸಿದ ಬಾಲಕನು ಕಟ್ಟಕಡೆಗೆ ರವಾನಿಸಿದ ಹಣವದು.