ಪುಸ್ತಕದ ಹೊರೆ ಹೊತ್ತ ಗಳಗನಾಥರು

ಕನ್ನಡದಲ್ಲಿ ಕಾದಂಬರಿ ಬರೆದವರು ಅನೇಕರು. ಬರೆದುದನ್ನು ತಲೆಯ ಮೇಲೆ ಹೊತ್ತು, ಊರೂರು ಅಲೆದು, ಓದುಗರ ಮನೆಬಾಗಿಲಿಗೆ ಮುಟ್ಟಿಸಿದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ಗಳಗನಾಥರು. ಕಾದಂಬರಿಕಾರರೆಂದು ಅವರನ್ನು ಎಲ್ಲರೂ ಬಲ್ಲರು. ಪುಸ್ತಕದ ವ್ಯಾಪಾರಿಯಾಗಿ ಅವರು ನಾಡಿಗೆ ಸಲ್ಲಿಸಿದ ಸೇವೆಯನ್ನು ಈ ರಾಜ್ಯೋತ್ಸವದ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. 1869ರ ಜನವರಿ 5ರಂದು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಗಳಗನಾಥ ಗ್ರಾಮದಲ್ಲಿ ಜನಿಸಿದರು. ವರದೆಯು ತುಂಗಭದ್ರೆಯನ್ನು ಕೂಡುವ ಆ ಪುಣ್ಯಸ್ಥಳದ ಹೆಸರೇ ಮುಂದೆ ಅವರ ಕಾವ್ಯನಾಮವಾಯಿತು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಶಾಲಾ ಮಾಸ್ತರರಾದರು.

ಆಗ ಆ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದುಬರಹ ಬಲ್ಲ ಕನ್ನಡಿಗರ ಮನೆಗಳಲ್ಲಿಯೂ ಮರಾಠಿ ಪುಸ್ತಕಗಳಿಗೇ ಮನ್ನಣೆ. ಮನರಂಜನೆಗೆಂದು ಓದಲು ಕನ್ನಡದಲ್ಲಿ ಇದ್ದುದು ಸ್ವಲ್ಪ. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಈ ಕೊರತೆಯನ್ನು ನೀಗಲು ಲೇಖಕರನ್ನು ಹುರಿದುಂಬಿಸಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಸಂಘದ ಬಹುಮಾನ ದೊರೆಯಿತು.

ಆದರೆ ಪುಸ್ತಕ ಬರೆದ ಮಾತ್ರಕ್ಕೆ ವಾಚಕರು ಹುಟ್ಟುವುದಿಲ್ಲ. ಅಗಡಿಯ ಆನಂದವನದ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಗಳಗನಾಥರು ಹಳ್ಳಿಹಳ್ಳಿಯ ಮನೆಗಳನ್ನು ತಲುಪಿದರು. ಮುಂದೆ ಹಾವೇರಿಯಿಂದ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ಕಥೆ ಕೇಳಿ ಬಲ್ಲ ಜನರು ಕಥೆ ಓದುವ ಜನರಾದರು.

ಲಂಡನ್ನಿನಲ್ಲಿ 16, 17ನೆಯ ಶತಮಾನಗಳಲ್ಲಿಯೇ ಸಂತ ಪಾಲರ ಇಗರ್ಜಿಯ ಅಂಗಳದಲ್ಲಿ ಪುಸ್ತಕದಂಗಡಿಗಳು ಸಾಲುಗಟ್ಟಿದ್ದವು. ಅಲ್ಲಿ ಗಿರಾಕಿಯೇ ಅಂಗಡಿಗೆ ಬರುತ್ತಿದ್ದನು. ನಮ್ಮ ಗಳಗನಾಥರ ಪಾಲಿಗೆ ಅಂಗಡಿಯೇ ಗಿರಾಕಿಯ ಬಳಿಗೆ ನಡೆದುಹೋಗಬೇಕಾಯಿತು. ತಾವೇ ಬರೆದು, ತಾವೇ ಅಚ್ಚುಹಾಕಿಸಿ, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ಹೊರಟರು. ಜಮಾಖರ್ಚಿನ ವಹಿಗಳ ನಡುವೆ ದಿನ ಕಳೆಯುವ ನನ್ನಂಥವರಿಗೆ ಇದರ ಕಷ್ಟ ಬೇಗ ಅರಿವಾಗುತ್ತದೆ. ಕಾಗದಕ್ಕೂ ಮುದ್ರಣಕ್ಕೂ ಹಣವನ್ನು ಮೊದಲೇ ತೆರಬೇಕು; ಮಾರಾಟದ ಹಣವೋ ಬಿಡಿಬಿಡಿಯಾಗಿ ಬರುತ್ತದೆ. ಮಾರದೆ ಉಳಿದ ಪ್ರತಿಗಳಲ್ಲಿ ಬಂಡವಾಳವೆಲ್ಲ ಸಿಕ್ಕಿಬೀಳುತ್ತದೆ. ಲಾಭವನ್ನೇ ನಂಬಿದ ವರ್ತಕನು ಇಂಥ ಸರಕಿಗೆ ಕೈಹಾಕಲಾರನು. ಲೇಖಕ, ಪ್ರಕಾಶಕ, ವ್ಯಾಪಾರಿ, ಹಮಾಲ ಎಲ್ಲವೂ ತಾವೇ ಆದುದರಿಂದ ಗಳಗನಾಥರಿಂದ ಅದು ಸಾಧ್ಯವಾಯಿತು.

ಹೊತ್ತ ಸರಕೂ ಸಾಮಾನ್ಯವಾದುದಲ್ಲ. ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಉದಯವಿದೆ, ‘ಕನ್ನಡಿಗರ ಕರ್ಮಕಥೆ’ಯಲ್ಲಿ 1565ರ ಪತನವಿದೆ. ಎರಡನೆಯದು ಮರಾಠಿಯ ಹರಿನಾರಾಯಣ ಆಪಟೆಯವರ ಕೃತಿಯಿಂದ ಬಂದದ್ದು. ಮರಾಠಿಯನ್ನು ಹಳಿಯುತ್ತ ಕೂಡದೆ, ಅಲ್ಲಿಯ ಒಳ್ಳೆಯದನ್ನು ತಂದು ಕನ್ನಡದ ಓದುಗನನ್ನು ಕನ್ನಡದಲ್ಲಿಯೇ ಉಳಿಸಿಕೊಂಡದ್ದು ಅವರ ಜಾಣ್ಮೆ. ಮರೆತುಹೋಗಿದ್ದ ಸಾಮ್ರಾಜ್ಯವೊಂದು ತಮ್ಮದೆಂದು ಸಾಮಾನ್ಯ ಜನರಿಗೆ ನೆನಪಾದದ್ದು ಇಂಥ ಪುಸ್ತಕಗಳಿಂದ.

1942ರ ಏಪ್ರಿಲ್ 22ರಂದು ಅವರು ಕಾಲವಶರಾದರು. ಹಣ ಗಳಿಸಲಿಲ್ಲ, ಓದುಗರನ್ನು ಗಳಿಸಿಟ್ಟು ಹೋದರು. ಕನ್ನಡ ಸೀಮೆಗಳು ಒಂದುಗೂಡಿದ 1956ರ ನವೆಂಬರ್ 1ನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಆದರೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಜನರು ಒಂದೇ ಕಥೆಯನ್ನೋದಿ ಕಣ್ಣೀರಿಟ್ಟಾಗಲೇ ಅವರ ಮನಸ್ಸುಗಳು ಒಂದಾಗಿದ್ದವು.

ಕೊಚ್ಚಿ, ತಿರುವನಂತಪುರಗಳಲ್ಲಿ ಸಂಸಾರ ಹೂಡಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಕಲಿಯಲಿ, ಅದು ಹೆಮ್ಮೆಯೇ. ಆದರೆ ಕನ್ನಡವು ಮನೆಯ ಮಾತಾಗಿ ಮಾತ್ರ ಉಳಿದರೆ ಮುಂದಿನ ತಲೆಮಾರಿಗೆ ಅದರ ಅಕ್ಷರವೇ ಅಪರಿಚಿತವಾದೀತು. ಊರಿಗೆ ಹೋಗಿಬರುವಾಗ ಹಪ್ಪಳ ಸಂಡಿಗೆಗಳ ಜೊತೆಗೆ ನಾಲ್ಕು ಕನ್ನಡ ಪುಸ್ತಕಗಳನ್ನು, ಬೆಲೆ ಕೊಟ್ಟು ಕೊಂಡು, ತರೋಣ. ಗಳಗನಾಥರು ತಲೆಯ ಮೇಲೆ ಹೊತ್ತ ಹೊರೆಯಲ್ಲಿ ನಮ್ಮ ಪಾಲಿಗೆ ಬರುವುದು ಇಷ್ಟೇ.