ದೇವಿಕಾರಾಣಿ

1912ರಲ್ಲಿ ದಾದಾಸಾಹೇಬ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತಯಾರಿಸಲು ಹೊರಟಾಗ ಹರಿಶ್ಚಂದ್ರನ ರಾಣಿಯ ಪಾತ್ರವನ್ನು ವಹಿಸಲು ಒಬ್ಬ ಸ್ತ್ರೀಯೂ ಮುಂದೆ ಬರಲಿಲ್ಲ. ಕಡೆಗೆ ಉಪಾಹಾರಗೃಹವೊಂದರಲ್ಲಿ ಅಡಿಗೆಯ ಕೆಲಸದಲ್ಲಿದ್ದ ಸಾಳುಂಕೆ ಎಂಬ ಯುವಕನಿಗೆ ಸೀರೆಯುಡಿಸಿ ಅವರು ಚಿತ್ರವನ್ನು ಮುಗಿಸಬೇಕಾಯಿತು. ನಮ್ಮಲ್ಲಿ ಚಂದ್ರಮತಿಯೆಂದು ಹೆಸರಾದ ಆ ಸಾಧ್ವಿ ಭಾರತದ ಬೆಳ್ಳಿತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಹೀಗೆ. ಅನಂತರದ ವರ್ಷಗಳಲ್ಲಿ ಸ್ತ್ರೀಯರು ಚಿತ್ರಗಳಲ್ಲಿ ಅಭಿನಯಿಸತೊಡಗಿದರೂ ಆ ವೃತ್ತಿಗೆ ಅಂಟಿದ್ದ ಕಳಂಕ ಮಾತ್ರ ಬಹುಕಾಲ ಹೋಗಲಿಲ್ಲ. ಅಂತಹ ಕಾಲದಲ್ಲಿ ವಿದ್ಯಾವಂತ ಮನೆತನವೊಂದರ ಹೆಣ್ಣುಮಗಳು ತಾನಾಗಿಯೇ ಈ ವೃತ್ತಿಯನ್ನು ಆರಿಸಿಕೊಂಡು, ಅದರ ಒಂದೊಂದು ಅಂಗವನ್ನೂ ಶ್ರದ್ಧೆಯಿಂದ ಕಲಿತು, ಮುಂದೆ ದೊಡ್ಡದೊಂದು ಚಿತ್ರಸಂಸ್ಥೆಗೇ ಒಡತಿಯಾದಳು. ಆಕೆಯೇ ದೇವಿಕಾರಾಣಿ.

ದೇವಿಕಾರಾಣಿ ಜನಿಸಿದ್ದು 1908ರ ಮಾರ್ಚ್ 30ರಂದು, ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ. ತಂದೆ ಮನ್ಮಥನಾಥ ಚೌಧರಿಯವರು ವೈದ್ಯರು. ಮದರಾಸು ಪ್ರಾಂತದ ಸರ್ಜನ್ ಜನರಲ್ ಪದವಿಗೇರಿದ ಮೊದಲ ಭಾರತೀಯರು. ಕವಿ ರವೀಂದ್ರನಾಥ ಠಾಕೂರರ ಮನೆತನಕ್ಕೂ ಈ ಕುಟುಂಬಕ್ಕೂ ನಿಕಟವಾದ ಬಾಂಧವ್ಯವಿತ್ತು. ಒಂಬತ್ತನೆಯ ವಯಸ್ಸಿನಲ್ಲೇ ಬಾಲಕಿಯನ್ನು ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಲಾಯಿತು. ಬೆಳೆದಂತೆ ಆಕೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟ್ಯಕಲೆಯನ್ನು ಅಭ್ಯಾಸ ಮಾಡಿದಳು, ಸಂಗೀತವನ್ನು ಕಲಿತಳು, ವಾಸ್ತುಶಿಲ್ಪವನ್ನೂ ಬಟ್ಟೆಗಳ ಮೇಲಿನ ಚಿತ್ತಾರವಿನ್ಯಾಸವನ್ನೂ ಕಲಿತು ಸ್ವಂತ ದುಡಿಮೆಗೆ ತೊಡಗಿದಳು. ಅಂದಿನ ಹೆಣ್ಣುಮಕ್ಕಳಿಗೆ ಸುಲಭವಾಗಿ ಲಭಿಸುವ ಅವಕಾಶಗಳಲ್ಲ ಇವು. ಆದರೆ ಅವಕಾಶ ಒದಗಿದವರೆಲ್ಲರೂ ಅದನ್ನು ಇಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ.

1928ರಲ್ಲಿ ಅವರಿಗೆ ಹಿಮಾಂಶು ರಾಯ್ ಅವರ ಪರಿಚಯವಾಯಿತು. ನ್ಯಾಯಶಾಸ್ತ್ರ ಓದಲು ಲಂಡನ್ನಿಗೆ ಹೋಗಿದ್ದ ಈ ವಂಗೀಯರು ಚಲನಚಿತ್ರಗಳ ಮೋಹಕ್ಕೆ ಒಳಗಾಗಿ, ಜರ್ಮನರ ಸಹಯೋಗದಿಂದ ಬುದ್ಧನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು 1925ರಲ್ಲಿಯೇ ತೆರೆಗೆ ತಂದಿದ್ದರು. ಅವರ ‘ಪ್ರಪಂಚ ಪಾಶ’ ಚಿತ್ರದ ಉಡುಪು ಮತ್ತು ರಂಗಸಜ್ಜಿಕೆಯ ಕೆಲಸಕ್ಕೆ ದೇವಿಕಾರಾಣಿ ನೆರವಾದರು. 1929ರಲ್ಲಿ ಅವರಿಬ್ಬರ ವಿವಾಹವಾಯಿತು. ದಂಪತಿಗಳು ಬರ್ಲಿನ್ನಿಗೆ ತೆರಳಿದರು. ಅಲ್ಲಿನ ಊಫಾ ಸ್ಟುಡಿಯೋ ಆಗ ಯೂರೋಪಿಗೇ ಹೆಸರಾದುದು. ನಾಯಕಿಯಾಗಬೇಕೆಂಬ ಆತುರವನ್ನು ಬದಿಗಿಟ್ಟು ದೇವಿಕಾರಾಣಿ ಅಲ್ಲಿ ಪ್ರಸಾಧನ, ಉಡುಪು, ದೃಶ್ಯಸಜ್ಜಿಕೆಗಳ ಕೆಲಸವನ್ನು ಕಲಿಯಲು ನಿಂತರು; ದೊಡ್ಡ ನಿರ್ದೇಶಕರು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರು.

ಆ ಬಳಿಕ ಪತಿಪತ್ನಿಯರಿಬ್ಬರೂ ಅಭಿನಯಿಸಿದ ‘ಕರ್ಮ’ ಎಂಬ ವಾಕ್ಚಿತ್ರ ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳೆರಡರಲ್ಲೂ ಸಿದ್ಧವಾಯಿತು. 1933ರಲ್ಲಿ ಅದು ಲಂಡನ್ನಿನಲ್ಲಿ ಪ್ರದರ್ಶಿತವಾದಾಗ ಅಲ್ಲಿನ ಪತ್ರಿಕೆಗಳು ಭಾರತೀಯ ನಟಿಯ ಚೆಲುವನ್ನೂ ಸ್ಫುಟವಾದ ಇಂಗ್ಲಿಷ್ ಉಚ್ಚಾರಣೆಯನ್ನೂ ಮೆಚ್ಚಿಕೊಂಡವು. ಸ್ವದೇಶದ ಪ್ರೇಕ್ಷಕರು ಮಾತ್ರ ಚಿತ್ರವನ್ನು ಮೆಚ್ಚಲಿಲ್ಲ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಇನ್ನು ತಮ್ಮ ನೆಲದಲ್ಲಿಯೇ ತಮ್ಮ ಜನರಿಗಾಗಿ ಚಿತ್ರಗಳನ್ನು ನಿರ್ಮಿಸಬೇಕೆಂದು ದಂಪತಿಗಳು ನಿಶ್ಚಯಿಸಿದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡ 1934ನೆಯ ವರ್ಷದಲ್ಲಿಯೇ ಮುಂಬಯಿಯ ಹೊರವಲಯದ ಮಲಾಡಿನಲ್ಲಿ ‘ಬಾಂಬೆ ಟಾಕೀಸ್’ ಸಂಸ್ಥೆ ತಲೆಯೆತ್ತಿತು. ಫ್ರಾಂಜ್ ಓಸ್ಟೆನ್ ಎಂಬ ನಿರ್ದೇಶಕರೂ ಜೋಸೆಫ್ ವಿರ್ಶಿಂಗ್ ಎಂಬ ಛಾಯಾಗ್ರಾಹಕರೂ ಜರ್ಮನಿಯಿಂದ ಬಂದರು. ಅವರ ಕೈಕೆಳಗೆ ಕೆಲಸ ಕಲಿಯಲು ಪದವೀಧರ ತರುಣರನ್ನು ಆರಿಸಿ ತೆಗೆದುಕೊಳ್ಳಲಾಯಿತು. ಸಂಸ್ಥೆಯ ಭೋಜನಶಾಲೆಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಇದು ಇಂದಿನ ವಿದ್ಯಾರ್ಥಿಗಳಿಗೆ ಸಾಮಾನ್ಯ ಸಂಗತಿಯೆಂದು ತೋರಬಹುದು. ಬೇರೆ ಬೇರೆ ಪಂಕ್ತಿಗಳನ್ನು ಹಾಕದ ಊಟದ ಮನೆ ಆಗ ಅಪರೂಪವೆಂಬುದನ್ನು ಅವರು ನೆನಪಿನಲ್ಲಿಡಬೇಕು.

ಈ ಹೊಸತನಕ್ಕೆ ಎದುರಾದ ಪ್ರತಿಭಟನೆಯೂ ಸಣ್ಣದಲ್ಲ. ಸಂಸ್ಥೆಯ ಮೊದಲ ಚಿತ್ರ ‘ಜವಾನಿ ಕೀ ಹವಾ’ 1935ರಲ್ಲಿ ಬಿಡುಗಡೆಯಾಗುವ ವೇಳೆಗೆ, ಪಾರಸಿ ಮನೆತನದ ಇಬ್ಬರು ಸಹೋದರಿಯರು ಚಿತ್ರರಂಗವನ್ನು ಸೇರಿದರೆಂದು ಆ ಸಮಾಜದ ಕೆಲವರು ಕೆರಳಿ ನಿಂತರು. ಅಕ್ಕ ಖುರ್ಷಿದ್ ಸಂಗೀತ ನಿರ್ದೇಶಕಿ. ತಂಗಿ ಮಾಣಿಕ್ ನಟಿ. ಸಂಸ್ಥೆ ಅವರನ್ನು ಕೈಬಿಡಲಿಲ್ಲ. ಅಕ್ಕನಿಗೆ ಸರಸ್ವತೀದೇವಿಯೆಂದೂ ತಂಗಿಗೆ ಚಂದ್ರಪ್ರಭಾ ಎಂದೂ ಹೆಸರಿಟ್ಟು ಉಳಿಸಿಕೊಂಡಿತು. ದೇವಿಕಾರಾಣಿಯವರ ಚಿತ್ರಗಳ ಮಧುರವಾದ ಹಾಡುಗಳು ಬಹುಮಟ್ಟಿಗೆ ಈ ಸರಸ್ವತೀದೇವಿಯವರ ರಚನೆಗಳು.

ಮರುವರ್ಷ ಸಂಸ್ಥೆಯೇ ಅಲುಗಾಡುವಂತಹ ಪ್ರಸಂಗವೊಂದು ನಡೆಯಿತು. ‘ಜೀವನ್ ನೈಯಾ’ ಚಿತ್ರದ ಕೆಲಸ ನಡೆದಿದ್ದಾಗ ದೇವಿಕಾರಾಣಿ ಪತಿಯನ್ನೂ ಸಂಸ್ಥೆಯನ್ನೂ ಬಿಟ್ಟು, ಆ ಚಿತ್ರದ ನಾಯಕನಟನೊಡನೆ ಹೊರಟುಹೋದರು. ಹಿತೈಷಿಗಳು ಸಂಧಾನ ಮಾಡಿದ ಮೇಲೆ ಮರಳಿ ಬಂದರು. ದೊಡ್ಡವರ ಚರಿತ್ರೆಯಲ್ಲಿ ಇಂತಹ ಪುಟವನ್ನು ಮಡಿಸಿಡುವ ವಾಡಿಕೆಯುಂಟು. ಹಾಗೆ ಮಾಡುವುದು ಸತ್ಯಕ್ಕೆ ಅಪಚಾರ. ಊರೆಲ್ಲ ಆಡಿಕೊಳ್ಳುತ್ತಿದ್ದಾಗ ಅದೇ ಅಂಗಳಕ್ಕೆ ಹಿಂತಿರುಗಿ, ಅದೇ ಜನರ ಕಣ್ಣೆದುರಿಗೆ ಮತ್ತೆ ಬಣ್ಣ ಹಚ್ಚಿಕೊಂಡು ನಿಲ್ಲುವುದಕ್ಕೆ ಎಂತಹ ಎದೆ ಬೇಕೆಂಬುದನ್ನು ಊಹಿಸಬಹುದು. ಆ ನಟನಿಗೆ ಬದಲಾಗಿ ಸ್ಟುಡಿಯೋದ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದ, ಅಭಿನಯಿಸಲು ಮನಸ್ಸಿಲ್ಲದ ತರುಣರೊಬ್ಬರನ್ನು ಹಿಮಾಂಶು ರಾಯ್ ನಾಯಕನನ್ನಾಗಿ ಮಾಡಿದರು. ಅವರೇ ಮುಂದೆ ಮಹಾನಟರೆನಿಸಿದ ಅಶೋಕಕುಮಾರ್.

ಇದೇ ಜೋಡಿ 1936ರಲ್ಲಿಯೇ ‘ಅಛೂತ್ ಕನ್ಯಾ’ ಚಿತ್ರದಲ್ಲಿ ಅಭಿನಯಿಸಿತು. ಅಸ್ಪೃಶ್ಯತೆಯನ್ನು ತೊಡೆಯುವ ಸಲುವಾಗಿ ಗಾಂಧೀಜಿಯವರು ದೇಶವನ್ನೆಲ್ಲ ಸುತ್ತಿ ಬಂದು ಎರಡು ವರ್ಷಗಳಾಗಿದ್ದವು. ಚಿತ್ರದ ನಾಯಕಿ ಕಸ್ತೂರಿ ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು. ಪ್ರತಾಪ ದಿನಸಿ ವ್ಯಾಪಾರಿಯಾದ ಬ್ರಾಹ್ಮಣನ ಮಗ. ಹಾವು ಕಚ್ಚಿದ ವ್ಯಾಪಾರಿಯ ಪ್ರಾಣವನ್ನು ಆ ಗೇಟುಗಾರನು ಉಳಿಸಿದ ದಿನದಿಂದ ಎರಡು ಮನೆಗಳಿಗೂ ಸ್ನೇಹ. ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಮದುವೆಗೆ ಜಾತಿ ಅಡ್ಡಬರುತ್ತದೆ. ಇಬ್ಬರಿಗೂ ಬೇರೆ ಬೇರೆ ಕಡೆ ಮದುವೆಯಾಗುತ್ತದೆ. ಕಡೆಯಲ್ಲಿ ಅಪಾರ್ಥದಿಂದ ಕುಪಿತನಾದ ಕಸ್ತೂರಿಯ ಗಂಡನೂ ಪ್ರತಾಪನೂ ರೈಲು ಹಳಿಗಳ ಮೇಲೆಯೇ ಹೊಡೆದಾಡುತ್ತಿರುವಾಗ ಧಾವಿಸಿ ಬರುವ ರೈಲನ್ನು ತಡೆಯಲು ಕಸ್ತೂರಿ ಓಡುತ್ತಾಳೆ. ಅವರು ಉಳಿಯುತ್ತಾರೆ, ಅವಳು ಉಳಿಯುವುದಿಲ್ಲ.

ಹಳ್ಳಿಯ ಹುಡುಗಿಯಾದ ಕಸ್ತೂರಿಯ ಹುಬ್ಬುಗಳನ್ನು ಅಷ್ಟು ನಯವಾಗಿ ತಿದ್ದಬೇಕಾಗಿತ್ತೆ ಎಂದು ಈ ಚಿತ್ರವನ್ನು ನೋಡಿದವರು ಕೇಳಿದ್ದುಂಟು. ಆಕ್ಷೇಪ ನ್ಯಾಯವಾದುದೇ. ಆದರೂ ಮೇಲುಜಾತಿಯ ಮನೆತನದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ನಟಿಯೊಬ್ಬಳು ಅಸ್ಪೃಶ್ಯ ಕನ್ಯೆಯ ವೇಷ ಧರಿಸಿ ನಿಂತದ್ದನ್ನು ಸಹಸ್ರಾರು ಜನ ನೋಡಿದರು, ಅವಳಿಗಾಗಿ ಕಣ್ಣೀರಿಟ್ಟರು. ಅನಂತರ ‘ಸಾವಿತ್ರಿ’, ‘ನಿರ್ಮಲಾ’, ‘ದುರ್ಗಾ’ ಮೊದಲಾದ ಚಿತ್ರಗಳು ಬಂದವು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರಕಾರ ಸಂಸ್ಥೆಯ ಜರ್ಮನ್ ಕಲಾವಿದರನ್ನು ಬಂಧನದಲ್ಲಿಟ್ಟಿತು. ಕಟ್ಟಿದ ಮನೆಯ ಕಂಬಗಳನ್ನೇ ಕಿತ್ತಂತಾಯಿತು. ಹಿಮಾಂಶು ರಾಯ್ ಅವರ ಆರೋಗ್ಯ ಕುಸಿದು 1940ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಆಗ ದೇವಿಕಾರಾಣಿಯವರಿಗೆ ಮೂವತ್ತೆರಡು ವರ್ಷ. ಅಷ್ಟು ದೊಡ್ಡ ಸಂಸ್ಥೆಯ ಭಾರವನ್ನು ಅವರು ಹೊತ್ತುಕೊಂಡರು. ಅವರೂ ಶಶಧರ ಮುಖರ್ಜಿಯವರೂ ಸರದಿಯ ಮೇಲೆ ಚಿತ್ರಗಳನ್ನು ನಿರ್ಮಿಸುವ ವ್ಯವಸ್ಥೆಯಾಯಿತು. 1943ರ ‘ಕಿಸ್ಮತ್’ ಚಿತ್ರವಂತೂ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಹಣ ಬಂದಿತು, ಒಗ್ಗಟ್ಟು ಹೋಯಿತು. ಅದೇ ವರ್ಷ ಮುಖರ್ಜಿ, ಅಶೋಕಕುಮಾರ್ ಮೊದಲಾದವರು ಸಿಡಿದು ಹೊರಟು ‘ಫಿಲ್ಮಿಸ್ತಾನ್’ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು.

ತಾವೇ ತಿದ್ದಿ ಬೆಳೆಸಿದವರು ಬಿಟ್ಟುಹೋದಾಗಲೂ ದೇವಿಕಾರಾಣಿ ಹೊಸಬರನ್ನು ಹುಡುಕುವುದನ್ನು ನಿಲ್ಲಿಸಲಿಲ್ಲ. ಹಣ್ಣಿನ ವ್ಯಾಪಾರಿಯೊಬ್ಬರ ಮಗ ಯೂಸುಫ್ ಖಾನ್ ಎಂಬ ತರುಣ ಕೆಲಸ ಕೇಳಿಕೊಂಡು ಬಂದಾಗ, ತಿಂಗಳಿಗೆ 1250 ರೂಪಾಯಿ ಸಂಬಳ ಕೊಡುವುದಾಗಿ ಅವರು ಹೇಳಿದರು. ಅದು ವರ್ಷದ ಸಂಬಳವಿರಬೇಕೆಂದು ಆ ತರುಣನಿಗೆ ಸಂಶಯ! ಅವನಿಗೆ ದಿಲೀಪ್ ಕುಮಾರ್ ಎಂದು ಹೆಸರಿಟ್ಟವರೂ ಅವರೇ. 1944ರಲ್ಲಿ ಆ ನಟನ ಮೊದಲ ಚಿತ್ರ ‘ಜ್ವಾರ್ ಭಾಟಾ’ ತೆರೆಕಂಡಿತು. ದೇವಿಕಾರಾಣಿ ಕಡೆಯದಾಗಿ ತೆರೆಯ ಮೇಲೆ ಕಾಣಿಸಿಕೊಂಡದ್ದು ಅದಕ್ಕೆ ಹಿಂದಿನ ವರ್ಷ, ‘ಹಮಾರೀ ಬಾತ್’ ಚಿತ್ರದಲ್ಲಿ.

1945ರಲ್ಲಿ ಅವರು ಸಂಸ್ಥೆಯಿಂದ ಹೊರಬಂದು ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾದರು. ಮತ್ತೆಂದೂ ಬಣ್ಣ ಹಚ್ಚಲಿಲ್ಲ. ಕೆಲವು ಕಾಲ ಹಿಮಾಲಯದ ಕುಲು ಕಣಿವೆಯಲ್ಲಿದ್ದು, ಬಳಿಕ ಬೆಂಗಳೂರಿಗೆ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. ಸುಮಾರು 470 ಎಕರೆಗಳ ಆ ತೋಟದಲ್ಲಿ ಸುಗಂಧತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸುತ್ತಿದ್ದರು. ರೋರಿಕ್ ಅವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ತಮ್ಮ ಹಾಗೂ ತಮ್ಮ ತಂದೆಯ ಕೃತಿಗಳನ್ನು ಕೊಟ್ಟರು. 1958ರಲ್ಲಿ ದೇವಿಕಾರಾಣಿಯವರಿಗೆ ಪದ್ಮಶ್ರೀ ಸಂದಿತು. ಫಾಲ್ಕೆಯವರ ಹೆಸರಿನಲ್ಲಿ ಭಾರತ ಸರಕಾರ ಪ್ರಶಸ್ತಿಯೊಂದನ್ನು ಸ್ಥಾಪಿಸಿದಾಗ, 1969ನೆಯ ವರ್ಷದ ಆ ಮೊದಲ ಪ್ರಶಸ್ತಿಗೆ ಆರಿಸಲ್ಪಟ್ಟವರೂ ಅವರೇ.

ಅವರಿಗೆ ಮಕ್ಕಳಿರಲಿಲ್ಲ. ಕಡೆಯ ವರ್ಷಗಳಲ್ಲಿ ವೃದ್ಧ ದಂಪತಿಗಳ ಆಸ್ತಿಯ ಮೇಲೆ ಹಲವರ ಕಣ್ಣು ಬಿದ್ದಿತು, ವ್ಯಾಜ್ಯಗಳು ಹುಟ್ಟಿಕೊಂಡವು. 1993ರ ಜನವರಿಯಲ್ಲಿ ರೋರಿಕ್ ನಿಧನರಾದರು. ಮರುವರ್ಷ ಮಾರ್ಚ್ 9ರಂದು ದೇವಿಕಾರಾಣಿಯೂ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ತೋಟವನ್ನು ಉಳಿಸುವುದಕ್ಕಾಗಿ ಕರ್ನಾಟಕ ಸರಕಾರ 1996ರಲ್ಲಿ ವಿಶೇಷ ಶಾಸನವೊಂದನ್ನೇ ಮಾಡಬೇಕಾಯಿತು. ಅದನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು. ಮಲಾಡಿನ ಸ್ಟುಡಿಯೋಗೆ ಅಂತಹ ರಕ್ಷಣೆ ಒದಗಲಿಲ್ಲ. ಐವತ್ತರ ದಶಕದಲ್ಲಿ ಅದು ಮುಚ್ಚಿಹೋಯಿತು. ಅದರ ಆವರಣವನ್ನು ಸಣ್ಣಪುಟ್ಟ ಕಾರ್ಖಾನೆಗಳು ಆಕ್ರಮಿಸಿದವು. ‘ಅಛೂತ್ ಕನ್ಯಾ’ ಚಿತ್ರದ ಪ್ರತಿ ಮಾತ್ರ ಉಳಿದಿದೆ. ಕಸ್ತೂರಿ ಹಳಿಗಳ ಮೇಲೆ ಓಡುವುದನ್ನು ಈಗಲೂ ನೋಡಬಹುದು.